ಮದ್ದುಸೊಪ್ಪಿನ ಪಾಯಸ ಮುಟ್ಟದ ಮರುಳಸಿದ್ದಪ್ಪನವರು

ಕೊಡಗಿನ ಸಸ್ಯಗಳ ರಾಸಾಯನಿಕ ಅಧ್ಯಯನವೆಂದರೆ ಬಲ್ಲವರ ಬಾಯಲ್ಲಿ ಮೊದಲು ಬರುವ ಹೆಸರು ಡಾ. ಮರುಳಸಿದ್ದಪ್ಪನವರದು. ಶನಿವಾರಸಂತೆ ಕಡೆಯ ಕೃಷಿಕ ಮನೆತನದಿಂದ ಬಂದು, ಕುಶಾಲನಗರದ ನಮ್ಮ ಕಾಲೇಜಿನಲ್ಲಿ ಮೂರು ದಶಕ ಜೀವರಸಾಯನಶಾಸ್ತ್ರ ಬೋಧಿಸಿ ಈಗ ನಿವೃತ್ತರಾಗುತ್ತಿರುವ ಈ ಗುರುಗಳು ಹಿಡಿದ ಪಟ್ಟು ಬಿಟ್ಟವರಲ್ಲ. ಅವರ ಕೈಕೆಳಗೆ ಸಂಶೋಧನೆ ಮಾಡಿ ಸಾಕಷ್ಟು ಬೈಸಿಕೊಂಡ ನನಗೆ ಅದು ಚೆನ್ನಾಗಿ ಗೊತ್ತು.

ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಔಷಧಿಗಳು ಕೂಡುತ್ತವೆಂದು ನಂಬಿ, ಅದರ ನೇರಳೆ ರಸದಲ್ಲಿ ಪಾಯಸ ಮಾಡಿ ಉಣ್ಣುವುದು ನಮ್ಮಲ್ಲಿನ ರೂಢಿ. ಆ ಸೊಪ್ಪಿನಲ್ಲಿರುವ ಪಾಲಿಫಿನಾಲ್ ಎಂಬ ಸಂಯುಕ್ತಗಳು ಉರಿಯೂತದ ಹಾನಿಯಿಂದ ಯಕೃತ್ತನ್ನು ಕಾಯಬಲ್ಲವೇ ಎಂದು ಸರ್ ವರ್ಷಗಟ್ಟಲೆ ಇಲಿಗಳ ಮೇಲೆ ಪರೀಕ್ಷಿಸಿದರು. ನನಗೋ ಇಲಿ ಮುಟ್ಟಲು ಭಯ. ಪಕ್ಕದಲ್ಲಿ ನಿಂತು ಹಿಡಿಯಲು ಕಲಿಸಿದರು. ಸೊಪ್ಪಿನ ಸತ್ವ ಕುಡಿದ ಇಲಿಗಳಲ್ಲಿ ಹಾನಿ ಕಡಿಮೆಯೆಂದು ಕಂಡಾಗ ಊರೆಲ್ಲ ಸುದ್ದಿಯಾಯಿತು.

ಎಡವಟ್ಟಾದದ್ದು ಅಲ್ಲೇ. ನಮ್ಮ ಪ್ರಯೋಗಾಲಯದ ಅಟೆಂಡರ್ ಸಣ್ಣಸ್ವಾಮಿಯವರಿಗೆ ಯಕೃತ್ತಿನ ಕಾಯಿಲೆಯಿತ್ತು. ಅವರು ಆಸ್ಪತ್ರೆಯ ಮಾತ್ರೆ ಬಿಟ್ಟು ಸೊಪ್ಪಿನ ಕಷಾಯ ಹಿಡಿದರು. ಆಟಿ ಹದಿನೆಂಟರಂದು ನಮ್ಮಿಬ್ಬರನ್ನು ಊಟಕ್ಕೆ ಕರೆದು, ಪಾಯಸ ಬಡಿಸುತ್ತ ಹೆಮ್ಮೆಯಿಂದ ಅದನ್ನೇ ಹೇಳಿದರು. ಅವರ ಕಣ್ಣು ಹಳದಿಗಟ್ಟಿತ್ತು. ಸರ್ ಎಲೆಯ ಮುಂದೆ ಕೈಕಟ್ಟಿ ಕುಳಿತರು.

"ನೀವೇ ಕಂಡುಹಿಡ್ದಿದ್ದಲ್ವಾ ಸಾರ್? ಇಲಿ ಉಳ್ಕೊಳ್ತಲ್ಲ" ಎಂದರು ಸಣ್ಣಸ್ವಾಮಿ.

"ಇಲಿಗೆ ಅಳತೆ ಮಾಡಿ ಕೊಟ್ಟೆ ಕಣಯ್ಯ. ಮನುಷ್ಯರಿಗೆ ಇನ್ನೂ ಕೊಟ್ಟು ನೋಡಿಲ್ಲ. ನೀನು ಆಸ್ಪತ್ರೆಗೆ ಹೊರಡೋವರೆಗೂ ನಾನು ಈ ಪಾಯಸ ಮುಟ್ಟಲ್ಲ."

ಎಲೆಯ ಮುಂದೆ ಕುಳಿತ ಅತಿಥಿ ಉಣ್ಣದಿದ್ದರೆ ಮನೆಯವರಿಗೆ ಎಂಥ ಸಂಕಟ. ಸಣ್ಣಸ್ವಾಮಿಯವರ ಮಡದಿ ಲಿಂಗಮ್ಮ ಕಣ್ಣೀರಿಟ್ಟರು. ನನಗೂ ಸಿಟ್ಟು ಬಂದು, ಒಂದು ತುತ್ತಾದರೂ ಉಣ್ಣಿ ಸರ್ ಎಂದೆ. ಅವರು ಜಗ್ಗಲಿಲ್ಲ. ಕೊನೆಗೆ ಲಿಂಗಮ್ಮನವರೇ ಗಂಡನ ಅಂಗಿ ತಂದು ಕೈಗಿಟ್ಟು, "ಏಳಿ, ಹೋಗನ" ಎಂದರು. ಸರ್ ತಮ್ಮ ಕಾರಿನಲ್ಲೇ ಅವರನ್ನು ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದರು. ಇನ್ನಷ್ಟು ತಡವಾಗಿದ್ದರೆ ತಮ್ಮ ಕೈಮೀರುತ್ತಿತ್ತೆಂದು ವೈದ್ಯರು ಹೇಳಿದರು.

ಅಂದಿನಿಂದ ಸರ್ ಎಸ್ಟೇಟ್ ಕಾರ್ಮಿಕರ ಲೈನ್‌ಮನೆಗಳಲ್ಲಿ, ಊರಿನ ಸಂಘಗಳ ಸಭೆಗಳಲ್ಲಿ, ಕರೆಯದ ಕಡೆಗೂ ಹೋಗಿ "ಸೊಪ್ಪು ಊಟಕ್ಕೆ, ಮಾತ್ರೆ ಕಾಯಿಲೆಗೆ" ಎಂದು ಹೇಳುತ್ತಲೇ ಬಂದಿದ್ದಾರೆ. ಮನುಷ್ಯರ ಮೇಲಿನ ಅಧ್ಯಯನಕ್ಕೆ ಅನುಮತಿ ದೊರೆತದ್ದು ಈ ವರ್ಷ. ನಿವೃತ್ತಿಯಾದರೂ ಅದನ್ನು ಮುಗಿಸಿಯೇ ತೀರುವರಂತೆ. ಆ ಕೆಲಸ ಕೈಗೂಡುವಷ್ಟು ಆಯುಷ್ಯ, ಆರೋಗ್ಯ ಅವರಿಗಿರಲಿ. ನಮ್ಮನ್ನು ಬೈಯುವಷ್ಟು ಗಂಟಲೂ ಇರಲಿ.

ಸರ್ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ನೀವೂ ನಾಲ್ಕು ಮಾತು ಹೇಳಿ ಎಂದು ಸಣ್ಣಸ್ವಾಮಿಯವರನ್ನು ಕೇಳಿದೆ.

"ನಾನೇನ್ ಹೇಳ್ಲಿ ಮೇಡಂ? ಬದುಕಿದೀನಲ್ಲ, ಅಷ್ಟು ಸಾಲ್ದಾ?" ಎಂದರು.

– ದಿವ್ಯಶ್ರೀ