ಗುಡ್ಡದ ಬುಡದ ಒಂದು ಮನೆ

ನೀರು ಬರುವ ಮುಂಚೆ ಊರಮ್ಮನ ಓಣಿಯ ನಲ್ಲಿಗಳು ಸುಯ್ಯೆಂದು ಗಾಳಿ ಬಿಡುತ್ತವೆ. ಆ ಸದ್ದಿಗೆ ಕುರುಗೋಡಿನ ಈ ಓಣಿಯ ಎಪ್ಪತ್ತು ಮನೆಗಳು ಒಟ್ಟಿಗೇ ಎಚ್ಚರಾಗುತ್ತವೆ.

ಆ ನೀರು ಬಿಡುವವಳು ಊರಮ್ಮನೇ. ಗಂಡ ತೀರಿಕೊಂಡ ಮೇಲೆ ಅವನ ಕೆಲಸವೂ ವಾಲ್ವು ತಿರುಗಿಸುವ ಎದೆಯುದ್ದದ ಕಬ್ಬಿಣದ ಕೀಲಿಯೂ ಅವಳ ಹೆಗಲಿಗೆ ಬಂದವು. ಮೂರು ದಿನಕ್ಕೊಮ್ಮೆ ಸರದಿ. ಅವಳು ಗಡಿಯಾರ ನೋಡುವುದಿಲ್ಲ; ತನ್ನ ಮನೆಯ ಹಂಡೆ ತುಂಬಿತೆಂದರೆ ಓಣಿಯ ಪಾಲು ಮುಗಿಯಿತು. ಆಮೇಲೆ ಓಣಿಯ ವಾಲ್ವು ಮುಚ್ಚಿ, ಮೇಲೆ ಗುಡ್ಡದ ಬುಡದಲ್ಲಿರುವ ವಿರೂಪಮ್ಮನ ಒಂಟಿ ಮನೆಗೆ ನೀರು ಏರಿಸಬೇಕು.

ಎರಡು ಪಂಪುಗಳಲ್ಲಿ ಒಂದರ ಮೋಟರು ಸುಟ್ಟಾಗಿನಿಂದ ಟ್ಯಾಂಕು ಅರ್ಧವೇ ತುಂಬುತ್ತಿತ್ತು. ಎಪ್ಪತ್ತು ಮನೆಯೋ, ಒಂದು ಮನೆಯೋ? ಎರಡು ಸರದಿ ಊರಮ್ಮ ಮೇಲಿನ ವಾಲ್ವು ಮುಟ್ಟಲಿಲ್ಲ. ಯಾರೂ ತಪ್ಪೆನ್ನಲಿಲ್ಲ.

ಮೂರನೆಯ ಸರದಿಯ ಬೆಳಿಗ್ಗೆ ವಿರೂಪಮ್ಮ ಕೆಳಗಿಳಿದು ಬಂದಳು. ಅವಳ ಮಗಳು ಹಾಸಿಗೆ ಹಿಡಿದು ಎರಡು ವರ್ಷ.

"ಕುಡಿಯಾಕ ಹೊತ್ಕೊಂಡು ಹೋಗ್ತೀನವ್ವ. ಆಕಿ ಹಾಸಿಗಿ ಬಟ್ಟಿಗೆ ಎಷ್ಟಂತ ಹೊರಲಿ? ಮಲಗಿ ಮಲಗಿ ಆಕಿ ಬೆನ್ನೆಲ್ಲ ಹುಣ್ಣಾಗಕತ್ತೈತಿ."

"ಎಪ್ಪತ್ತು ಮನಿ ಅದಾವಕ್ಕ."

"ಮನಿ ಎಣಿಸಿದಿ. ಕೊಡ ಎಣಿಸಿದೇನು?"

ಊರಮ್ಮ ನೀರು ಬಿಟ್ಟು ಓಣಿಯುದ್ದಕ್ಕೂ ನಡೆದಳು. ಓಣಿಯ ಹುಡುಗ ಗವಿಸಿದ್ದೇಶ್ ಬೈಕಿಗೆ ಸೋಪು ಹಚ್ಚುತ್ತಿದ್ದ. ಪಕ್ಕದ ಮನೆಯ ಸುನಂದಾ, ಎಲ್ಲರೂ ಮಾಡುವಂತೆ, ಹೊಸ ನೀರಿಗೆ ಜಾಗ ಮಾಡಲು ಹಳೆಯ ನೀರನ್ನು ಚರಂಡಿಗೆ ಚೆಲ್ಲುತ್ತಿದ್ದಳು. ಊರಮ್ಮ ತನ್ನ ಹಂಡೆಯ ಮುಂದೆ ನಿಂತಳು. ಕಾಲು ಭಾಗ ತುಂಬಿತ್ತು. ಅರ್ಧ ಹಂಡೆ ಹಳೆಯ ನೀರನ್ನು ಬೆಳಿಗ್ಗೆ ಅವಳೂ ಚೆಲ್ಲಿದ್ದಳು.

ತಿರುಗಿ ಹೋಗಿ ಓಣಿಯ ವಾಲ್ವು ಮುಚ್ಚಿ, ಮೇಲಿನದನ್ನು ತೆರೆದಳು.

"ಏ ಊರಮ್ಮ!" ಸುನಂದಾ ಬಾಗಿಲಿಗೆ ಬಂದಳು. "ಒಬ್ಬಾಕಿ ಸಲುವಾಗಿ ಓಣೀನ ಒಣಗಿಸ್ತಿಯೇನು? ನಿನ್ನ ಹಂಡೇನೂ ತುಂಬಿಲ್ಲಲ್ಲ!"

"ಸೋಪು ಹಂಗೇ ಐತಿ, ನೆಕ್ಕಲೇನು?" ಎಂದ ಗವಿಸಿದ್ದೇಶ್.

"ಬಟ್ಟೀಲೆ ವರಸ್ಕೊಳ್ಳೋ ತಮ್ಮಾ. ಬೈಕಿಗೆ ಹುಣ್ಣಾಗೂದಿಲ್ಲ."

"ವಾರ್ಡ್ ಮೆಂಬರಿಗೆ ಹೇಳ್ತೀವಿ," ಎಂದಳು ಸುನಂದಾ. " ನಿನ್ನ ಕೆಲಸ ಹೋಗತೈತಿ ನೋಡು."

ಈ ಕೆಲಸದ ಸಂಬಳದ ಮೇಲೇ ಊರಮ್ಮನ ಮನೆ ನಡೆಯುತ್ತಿತ್ತು. ಮಗನ ಕಾಲೇಜು ಇನ್ನೂ ಒಂದು ವರ್ಷವಿತ್ತು.

"ಹೇಳ್ರಿ. ಹಂಗ, ಯಾರ‍್ಯಾರು ಎಷ್ಟು ಚೆಲ್ಲಿದ್ರು ಅನ್ನೂದನ್ನೂ ಹೇಳ್ರಿ. ಮೊದಲ ನಂದೇ ಬರಕೋರಿ, ಅರ್ಧ ಹಂಡೆ. ಆಮ್ಯಾಲೆ ಸುನಂದಕ್ಕಂದು..."

ಮೇಲೆ ವಿರೂಪಮ್ಮನ ನಲ್ಲಿಯಿಂದ ಸುಯ್ಯೆಂಬ ಸದ್ದು ಬಂತು. ಊರಮ್ಮ ಮಾತನ್ನು ಅಲ್ಲಿಗೇ ಬಿಟ್ಟು, ಕೀಲಿಯನ್ನು ಹೆಗಲಿಗೇರಿಸಿ ಗುಡ್ಡದ ಕಡೆಗೆ ಹೊರಟೇಬಿಟ್ಟಳು.