ಲವಾನ್ ನಿಲ್ಲಿಸಿದ ಕೆಲಸ

ಲವಾನ್ ಹೆಗ್‌ಸ್ಟಾಡ್ ನಮ್ಮ ಆಲ್ಡರ್ ಬೆಂಡ್ ಊರಿನಲ್ಲಿ ವರ್ಷಾನುಗಟ್ಟಲೆ ಶಾಲೆಯ ಬಸ್ಸು ಓಡಿಸಿದವರು. ಕಾಗದದ ಕಾರ್ಖಾನೆಯವರ ಮಕ್ಕಳನ್ನೆಲ್ಲ ಶಾಲೆಗೆ ಮುಟ್ಟಿಸಿದ್ದು ಅವರೇ, ನಾನೂ ಅವರಲ್ಲೊಬ್ಬ. ಗಂಡ ತೀರಿಕೊಂಡ ಮೇಲೆ ನಾಲ್ಕು ಜನ ಒತ್ತಾಯಿಸಿದರೆಂದು ರಾಜ್ಯದ ಶಾಸನಸಭೆಗೆ ನಿಂತು ಗೆದ್ದುಬಿಟ್ಟರು. ನಮ್ಮ ಕಡೆ ಶಾಸಕರೆಂದರೆ ಭಾರೀ ಮನುಷ್ಯರೇನಲ್ಲ. ಚಳಿಗಾಲವೆಲ್ಲ ರಾಜಧಾನಿ, ಹಿಮ ಕರಗಿದ ಮೇಲೆ ಅವರವರ ಕಸುಬು.

ಹೊಸಬರಾದ್ದರಿಂದ ಯಾರಿಗೂ ಬೇಡದ ಸಮಿತಿ ಅವರ ಪಾಲಿಗೆ ಬಂತು. ಸರ್ಕಾರದ ಇಲಾಖೆಗಳು ಕಂಪ್ಯೂಟರ್ ವ್ಯವಸ್ಥೆಗೆಂದು ಕೇಳುವ ಹಣವನ್ನು, ಕೆಲಸ ಹೇಗೆ ನಡೆದಿದೆಯೆಂದು ನೋಡಿಕೊಂಡು ಕಂತುಕಂತಾಗಿ ಬಿಡುಗಡೆ ಮಾಡುವ ಸಮಿತಿ ಅದು. ಮೊದಲ ವರ್ಷವೇ ವಾಹನ ನೋಂದಣಿಯ ಕೆಲಸ ಹಿಡಿದಿದ್ದ ಕಂಪನಿಯವರು ಬಂದು ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸಿದರು.

"ಚಿತ್ರ ಚೆನ್ನಾಗಿದೆ. ಎಲ್ಲಿ, ಈಗ ನನ್ನ ಪಿಕಪ್ಪನ್ನ ನೋಂದಣಿ ಮಾಡಿ ತೋರ್ಸಿ ನೋಡೋಣ," ಅಂದರು ಲವಾನ್.

ಆಗಲಿಲ್ಲ. ಹಣ ನಿಂತಿತು. ಪತ್ರಿಕೆಗಳು ಹೊಗಳಿದವು. "ನಮ್ ಲವಾನ್‌ಗೆ ಟೋಪಿ ಹಾಕೋದು ಅಷ್ಟು ಸುಲಭ ಅಲ್ಲ ಬಿಡ್ರೋ," ಎಂದು ಊರಿನ ಕೆಫೆಯಲ್ಲಿ ನಾವೆಲ್ಲ ಎದೆಯುಬ್ಬಿಸಿದೆವು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಆ ಹೊಗಳಿಕೆಯ ರುಚಿ ಅವರಿಗೆ ಹತ್ತಿತು.

ಎರಡು ವರ್ಷದ ನಂತರ ಅದೇ ಸಮಿತಿಯ ಮುಂದೆ ಗೆರಾಲ್ಡ್ ಪಾವೆಲ್ಕಾ ಬಂದ. ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡುವ ಇಲಾಖೆಯ ನೌಕರ, ಮಾತು ಕಡಿಮೆ. ನಲವತ್ತು ವರ್ಷದ ಹಳೆಯ ಕಂಪ್ಯೂಟರಿನ ಬದಲು ಹೊಸ ವ್ಯವಸ್ಥೆ ಕಟ್ಟುವ ಕೆಲಸ ಅವನ ಮೇಲಿತ್ತು. ಅರ್ಧ ಮುಗಿದಿತ್ತು, ಹೇಳಿದ ಅವಧಿ ಮೀರಿತ್ತು.

"ಮೇಡಂ, ಒಂದ್ ಸಲ ಆಫೀಸಿಗೆ ಬಂದು ನೋಡಿ," ಅಂದ. "ಹಳೇ ಮಿಷನ್ನು ಹೇಗೆ ಏದುಸಿರು ಬಿಡ್ತಿದೆ ಅಂತ ನಿಮಗೇ ಗೊತ್ತಾಗತ್ತೆ. ಹೊಸದ್ರಲ್ಲಿ ಆಗಿರೋ ಭಾಗನೂ ತೋರಿಸ್ತೀನಿ. ಪೂರ್ತಿ ಹಣ ಬೇಡ, ಸ್ವಲ್ಪ ಸ್ವಲ್ಪನೇ ಕೊಡಿ."

ಬರುತ್ತೇನೆಂದರು. ಗುರುವಾರವೆಂದೂ ನಿಗದಿಯಾಯಿತು. ಆ ಗುರುವಾರ ಅವರ ಸಂದರ್ಶನಕ್ಕೆಂದು ಟೀವಿಯವರು ಬಂದಿದ್ದರು, ಲವಾನ್ ಕಚೇರಿಗೆ ಹೋಗಲಿಲ್ಲ. ಇಲಾಖೆಯ ಕಚೇರಿ ಶಾಸನಸಭೆಯ ಕಟ್ಟಡದಿಂದ ರಸ್ತೆ ದಾಟಿದರೆ ಸಿಗುವಷ್ಟು ಹತ್ತಿರ.

ಮುಂದಿನ ಸಭೆಯಲ್ಲಿ ಪಾವೆಲ್ಕಾ ಸ್ವಲ್ಪ ಸ್ವಲ್ಪವೇ ಕೊಡಿ ಎಂದು ಮತ್ತೆ ಅದೇ ಮಾತೆತ್ತಿದಾಗ ಲವಾನ್ ಕ್ಯಾಮೆರಾದ ಕಡೆಗೊಮ್ಮೆ ನೋಡಿ, "ನಾನು ಬಸ್ಸಿನವಳು ಕಣಪ್ಪಾ. ಈ ವರ್ಷ ಒಂದು ಚಕ್ರ, ಮುಂದಿನ ವರ್ಷ ಇನ್ನೊಂದು ಚಕ್ರ ಅಂತ ಬಸ್ಸು ಕೊಳ್ಳೋರನ್ನ ನಾನಂತೂ ನೋಡಿಲ್ಲ," ಅಂದರು. ಸಭೆಯೆಲ್ಲ ನಕ್ಕಿತು. ಪಾವೆಲ್ಕಾನೂ ತಲೆ ತಗ್ಗಿಸಿ ನಕ್ಕ. ಹಣ ನಿಲ್ಲಿಸಬೇಕೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು.

ಅದಾದ ಮರುವರ್ಷ ನಮ್ಮ ಕಾರ್ಖಾನೆ ಮುಚ್ಚಿತು. ಅದರ ಹಿಂದೆಯೇ ನದಿಯ ಉದ್ದಕ್ಕೂ ಒಂದೊಂದಾಗಿ ಉಳಿದವೂ ಮುಚ್ಚಿದವು. ಭತ್ಯೆಗೆ ಅರ್ಜಿ ಹಾಕಿದವರು ಒಮ್ಮೆಲೇ ನುಗ್ಗಿದ್ದಕ್ಕೆ ಆ ಹಳೆಯ ಕಂಪ್ಯೂಟರು ಕೂತುಬಿಟ್ಟಿತು. ಫೋನು ಮಾಡಿದರೆ ಬರೀ ಸಂಗೀತ. ವಾರಗಳಾದವು, ತಿಂಗಳಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಊಟ ಹಂಚತೊಡಗಿದರು. ಅಲ್ಲಿ ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್ ಬಡಿಸಲು ನಿಂತ ಲವಾನ್ ಎದುರಿಗೆ ಡ್ವೇನ್ ಸಾಬೊಲಿಕ್ ತಟ್ಟೆ ಹಿಡಿದು ನಿಂತ. ಚಿಕ್ಕಂದಿನಲ್ಲಿ ಅವರ ಬಸ್ಸಿನ ಹಿಂದಿನ ಸೀಟಿನಲ್ಲಿ ಗಲಾಟೆ ಮಾಡುತ್ತಿದ್ದವನು. ಈಗ ಎರಡು ಮಕ್ಕಳ ತಂದೆ.

"ಮಿಸೆಸ್ ಹೆಗ್‌ಸ್ಟಾಡ್, ನೀವು ರಾಜಧಾನೀಲೇ ಇರ್ತೀರಲ್ಲ, ಯಾರಿಗಾದ್ರೂ ಒಂದ್ ಮಾತು ಹೇಳೋಕಾಗತ್ತಾ? ನನ್ ಅರ್ಜಿ ಎಲ್ಲಿ ಸಿಕ್ಕಾಕೊಂಡಿದೆ ಅಂತ ಯಾರೂ ಹೇಳ್ತಿಲ್ಲ."

"ನಾಳೇನೇ ಹೋಗ್ತೀನಿ ಕಣೋ," ಅಂದರು.

ಹೋದರು. ರಸ್ತೆ ದಾಟಿ ಆ ಕಚೇರಿಯೊಳಗೆ ಅವರು ಕಾಲಿಟ್ಟಿದ್ದು ಅದೇ ಮೊದಲು. ಕಪ್ಪು ಪರದೆ, ಹಸಿರು ಅಕ್ಷರ. ಜನ ಆನ್‌ಲೈನಿನಲ್ಲಿ ತುಂಬಿದ್ದ ಅರ್ಜಿಗಳನ್ನು ಗುಮಾಸ್ತೆಯರು ನೋಡಿಕೊಂಡು ಮತ್ತೆ ಒಂದೊಂದಾಗಿ ಟೈಪು ಮಾಡುತ್ತಿದ್ದರು.

"ಹೊಸದ್ರಲ್ಲಿ ಈ ಕೆಲಸ ಆಗಲೇ ಮುಗಿದಿತ್ತು ಮೇಡಂ," ಎಂದಳು ಒಬ್ಬಳು ತಲೆಯೆತ್ತದೆ. "ಅರ್ಜಿ ತಾನಾಗೇ ಒಳಗೆ ಬರೋ ಭಾಗ. ಚೆನ್ನಾಗಿ ನಡೀತಿತ್ತು. ಅಷ್ಟರಲ್ಲಿ ಹಣ ನಿಲ್ಸಿದ್ರು."

ಯಾರು ನಿಲ್ಲಿಸಿದ್ದೆಂದು ಅವಳಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಹೇಳಿದಳೋ.

ಪಾವೆಲ್ಕಾ ಕೆಲಸ ಬಿಟ್ಟು ಕೆರೆಯ ಪಕ್ಕದ ಮನೆಯಲ್ಲಿ ದೋಣಿಯ ಮೋಟಾರು ರಿಪೇರಿ ಮಾಡಿಕೊಂಡಿದ್ದ. ಲವಾನ್ ಅಲ್ಲಿಗೂ ಹೋದರು. ಕೈಗೆ ಹತ್ತಿದ್ದ ಗ್ರೀಸನ್ನು ಒರೆಸಿಕೊಂಡು ಅವನು ಕಾಫಿ ಬಗ್ಗಿಸಿಕೊಟ್ಟ.

"ನಾನು ಅವತ್ತು ಬರ್ಬೇಕಿತ್ತು," ಅಂದರು.

"ಹೂಂ."

"ಕ್ಷಮಿಸು ಅನ್ನೋಕೂ ಮುಖ ಇಲ್ಲ ನನಗೆ."

"ನೀವು ಬೈದಿದ್ರೆ ವಾದ ಮಾಡ್ತಿದ್ದೆ ಮೇಡಂ. ಎಲ್ಲಾ ನಕ್ಬಿಟ್ರಲ್ಲ, ಆಮೇಲೆ ಏನ್ ಮಾತಾಡೋದು? ಆ ಗುರುವಾರ ಕಾಫಿ ತರಿಸಿಟ್ಟಿದ್ದೆ, ನೀವು ಬರ್ತೀರ ಅಂತ. ನನ್ ಜೊತೆ ಕೆಲಸ ಮಾಡ್ತಿದ್ದ ಹುಡುಗ್ರು ಟೈ ಕಟ್ಕೊಂಡು ಬಂದಿದ್ರು."

ಮುಂದಿನ ಅಧಿವೇಶನದಲ್ಲಿ ಲವಾನ್ ಸಮಿತಿಯ ಮುಂದೆ ಎದ್ದು ನಿಂತು, ನೋಡದೆಯೇ ತಾನು ಆ ಕೆಲಸ ನಿಲ್ಲಿಸಿದ್ದು ತಪ್ಪಾಯಿತೆಂದು ಹೇಳಿದರು. ಅಧ್ಯಕ್ಷರು "ಧನ್ಯವಾದ, ಮುಂದಿನ ವಿಷಯ" ಎಂದರು. ಯಾವ ಪತ್ರಿಕೆಯೂ ಅದನ್ನು ಬರೆಯಲಿಲ್ಲ. ಹಣವೇನೋ ಮಂಜೂರಾಯಿತು, ಮೊದಲಿಗಿಂತ ಎಷ್ಟೋ ಹೆಚ್ಚು. ಆದರೆ ಪಾವೆಲ್ಕಾನ ಹುಡುಗರು ಚದುರಿಹೋಗಿದ್ದರು. ಬುಡದಿಂದ ಮತ್ತೆ ಶುರುಮಾಡಬೇಕಾಯಿತು.

ಡ್ವೇನ್‌ಗೆ ಭತ್ಯೆ ಬರುವಷ್ಟರಲ್ಲಿ ಬ್ಯಾಂಕಿನವರು ಸಾಲಕ್ಕೆ ಮನೆ ಜಪ್ತಿ ಮಾಡಿದ್ದರು. ದೂರದ ರಾಜ್ಯದಲ್ಲಿದ್ದ ಭಾವನ ಹತ್ತಿರ ಹೊರಟ. ಸಾಮಾನು ಹೇರುವ ಬೆಳಿಗ್ಗೆ ನಾವು ಕೆಲವರು ಕೈಹಚ್ಚಲು ಹೋಗಿದ್ದೆವು. ಲವಾನ್ ಕೂಡ ಬಂದರು. ಬಾಗಿಲಲ್ಲೇ ನಿಂತು ಡ್ವೇನ್‌ನ ಹೆಂಡತಿ ಕ್ರಿಸ್ಟಲ್‌ಗೆ ಏನೋ ಹೇಳಲು ಹೋದರು.

"ಗೊತ್ತು, ನಿಮ್ ಬಗ್ಗೆ ಡ್ವೇನ್ ಎಲ್ಲಾ ಹೇಳಿದಾನೆ," ಅಂದಳು ಕ್ರಿಸ್ಟಲ್. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಬಂದಿದೀರಲ್ಲ, ಆ ಮಂಚದ ಆ ತುದಿ ಹಿಡ್ಕೊಳ್ಳಿ."

ಲವಾನ್ ಹಿಡಿದುಕೊಂಡರು. ಇಬ್ಬರೂ ಮಂಚವನ್ನು ಓರೆ ಮಾಡಿ ಬಾಗಿಲು ದಾಟಿಸಿ ಟ್ರಕ್ಕಿಗೇರಿಸಿದರು.