ಆಷಾಢದಲ್ಲಿ ಬಂದ ಸೀಮೆ ಚಿಟ್ಟೆ

ಮದುವೆಯಾದ ವರ್ಷದ ಆಷಾಢ. ಗಂಡ ಹೆಂಡತಿ ಒಂದೇ ಸೂರಿನಡಿ ಇರಬಾರದೆಂದು ನನ್ನನ್ನು ಗಂಡನ ಊರು ಹೊಳಲಿನಿಂದ ಮಳವಳ್ಳಿ ಪಕ್ಕದ ತವರಿಗೆ ಕಳಿಸಿದ್ದರು. ಯುದ್ಧದ ಕಾಲ, ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ. ನಮ್ಮ ನಾಟಿ ಹುಳ ಗಟ್ಟಿ ಜೀವ, ಆದರೆ ಗೂಡು ಸಣ್ಣದು. ನಮ್ಮ ಯಜಮಾನರು ಸಾಕಿದ್ದ ಸೀಮೆ ಹುಳದ ಗೂಡು ದಪ್ಪ, ಹುಳ ಮಾತ್ರ ಸೀನಿದರೆ ಸಾಯುವಂಥದ್ದು. ನಾಟಿ ಹೆಣ್ಣಿಗೆ ಸೀಮೆ ಗಂಡು ಕೂಡಿಸಿದರೆ ಎರಡರ ಗುಣವೂ ಬರುತ್ತದೆಂದು ಅಪ್ಪನ ತಲೆ ತಿಂದು ಒಪ್ಪಿಸಿದ್ದೆ.

"ಒಂದೇ ಸಲ ಕಣವ್ವ. ಕೆಟ್ಟೋದ್ರೆ ಈ ಮಾತ್ನೇ ಎತ್ಬ್ಯಾಡ," ಅಂದಿದ್ದ ಅಪ್ಪ.

ಚಿಟ್ಟೆಗಳು ಗೂಡು ಒಡೆದು ಬಂದ ಬೆಳಿಗ್ಗೆ ನಾನೇ ಕೂತು ಬೇರ್ಪಡಿಸಿದೆ. ಹೊಟ್ಟೆ ಹೊತ್ತು ಸುಮ್ಮನೆ ಕೂರುವುದು ಹೆಣ್ಣು, ರೆಕ್ಕೆ ಬಡಿದು ಕುಣಿಯುವುದು ಗಂಡು. ಹೆಣ್ಣುಗಳನ್ನು ಎರಡು ಮೊರಕ್ಕೆ ಹಾಕಿ, ಒಂದನ್ನು ನಡುಮನೆಯಲ್ಲಿ, ಇನ್ನೊಂದನ್ನು ಒಳಕೋಣೆಯಲ್ಲಿಟ್ಟೆ. ನಮ್ಮ ಗಂಡುಗಳನ್ನು ಕುಕ್ಕೆಯಡಿ ಮುಚ್ಚಿದೆ. ಸೀಮೆ ಗಂಡುಗಳು ಯಜಮಾನರ ತೊಡೆಯ ಮೇಲೆ ಬಸ್ಸಿನಲ್ಲಿ ಬರುತ್ತಿದ್ದವು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದು ಚಿಟ್ಟೆಗಾಗಿ ಮಾತ್ರ ಅಂದರೆ ಸುಳ್ಳಾದೀತು.

ನೀರು ಸೇದಿ ತರುವಷ್ಟರಲ್ಲಿ ನಡುಮನೆಯ ಮೊರದ ತುಂಬ ಜೋಡಿಗಳು! ಅಜ್ಜಿ ಕುಕ್ಕೆ ಎತ್ತಿ ನಮ್ಮ ಗಂಡುಗಳನ್ನೆಲ್ಲ ಅದಕ್ಕೆ ಸುರಿದಿದ್ದಳು.

"ಎಣ್ಣೊಂದ್ ಕಡೆ ಗಂಡೊಂದ್ ಕಡೆ ಒದ್ದಾಡ್ತಿದ್ವು ಕಣವ್ವ. ನೋಡಕಾಗ್ನಿಲ್ಲ."

"ನನ್ನೂ ಅಂಗೇ ಇಟ್ಟಿದ್ದೀಯಲ್ಲಜ್ಜಿ! ಅದ್ ನೋಡಕಾಯ್ತದ?" ಅಳುತ್ತಲೇ ಅಂದುಬಿಟ್ಟೆ. ಅಪ್ಪ ಹಿಂದೆಯೇ ನಿಂತಿದ್ದ. ನಾಚಿಕೆಗೆ ಸತ್ತೇಹೋದೆ. ಅಪ್ಪ ಸೂರು ನೋಡತೊಡಗಿದ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು, ಅಳುತ್ತಿದ್ದ ನಾನೂ ನಕ್ಕೆ.

ಅಷ್ಟರಲ್ಲಿ ಜಗಲಿ ಮೇಲೆ ಯಜಮಾನರು, ಕೈಯಲ್ಲಿ ಬುಟ್ಟಿ. ಅಜ್ಜಿ ಹೊಸಲಿಗೆ ಅಡ್ಡ ನಿಂತಳು. "ಚಿಟ್ಟೆ ಒಳಿಕ್ ಬರ್ಲಿ ಅಳಿಮಯ್ಯ, ನೀವು ಅಲ್ಲೇ ಕುಂತ್ಕಳಿ."

ಒಳಕೋಣೆಯ ಮೊರವೊಂದೇ ಉಳಿದಿದ್ದದ್ದು. ನಾನು ಒಳಗೆ ಜೋಡಿ ಕೂಡಿಸುತ್ತಿದ್ದರೆ ಅವರು ಹೊರಗಿನಿಂದ ಕೂಗಿ ಹೇಳುತ್ತಿದ್ದರು. ಗೊತ್ತಿದ್ದದ್ದನ್ನೂ ನಾನು ಹತ್ತು ಸಲ ಕೇಳಿದೆ. ಅವರೂ ಹತ್ತು ಸಲ ಹೇಳಿದರು.

ಶ್ರಾವಣ ಕಳೆಯುವ ಹೊತ್ತಿಗೆ ಅಪ್ಪ ಹೊಳಲಿಗೆ ಬಂದ. ಟವೆಲ್ಲಿನ ಗಂಟು ಬಿಚ್ಚಿ, ಒಳಕೋಣೆಯ ಜೋಡಿಗಳ ಮರಿಹುಳ ಕಟ್ಟಿದ ಒಂದು ಗೂಡು ನನ್ನ ಅಂಗೈಗೆ ಹಾಕಿದ. ಎಷ್ಟು ಒತ್ತಿದರೂ ತಗ್ಗಲಿಲ್ಲ. ಅಪ್ಪನ ಮುಖ ನೋಡಿದೆ.

"ಇನ್ನೊಂದ್ ಬುಟ್ಟಿ ಗಂಡು ಬೇಕು ಕಣವ್ವ. ನಿಮ್ಮಜ್ಜಿ ಆಗ್ಲೇ ಕುಕ್ಕೆ ಪಕ್ಕ ಕಾವ್ಲು ಕುಂತವ್ಳೆ, ಯಾರೂ ಮುಟ್ದಂಗೆ. ಈ ಸಲ ಇಬ್ರೂ ಒಟ್ಟಿಗೆ ಒಳಿಕ್ ಬರ್ಬೇಕಂತೆ."